ಸಣ್ಣ ಕಾಲೇಜಿನ ಫುಟ್‌ಬಾಲ್ ತಂಡವನ್ನು ಇದ್ದ ಹಣದಲ್ಲಿ ನಡೆಸುವ ಬಗೆ: ಕೊಡಗಿನ ಕಾಲೇಜುಗಳಿಗೊಂದು ಕೈಪಿಡಿ

ಕೊಡಗಿನಲ್ಲಿ ಹಾಕಿಗೆ ಇರುವ ಮನ್ನಣೆ ಫುಟ್‌ಬಾಲಿಗೆ ಇಲ್ಲ. ಆದರೆ ಆಟಗಾರರಿಗೆ ಬರವೂ ಇಲ್ಲ. ಸುಂಟಿಕೊಪ್ಪ, ಸಿದ್ದಾಪುರ, ಅಮ್ಮತ್ತಿ, ಕುಶಾಲನಗರ, ವಿರಾಜಪೇಟೆ ಕಡೆಗಳಿಂದ ಪದವಿ ತರಗತಿಗೆ ಬರುವ ಹುಡುಗರಲ್ಲಿ ಊರ ಮೈದಾನದಲ್ಲಿ ಚೆಂಡು ಒದ್ದು ಬೆಳೆದವರು ಪ್ರತಿ ವರ್ಷವೂ ಸಿಗುತ್ತಾರೆ. ಹಾಗಾಗಿ ನಾನೂರು ಐನೂರು ವಿದ್ಯಾರ್ಥಿಗಳಿರುವ ಕಾಲೇಜಿನಲ್ಲಿ ತಂಡ ಕಟ್ಟುವುದು ಅಷ್ಟು ಕಷ್ಟವಲ್ಲ, ಕಟ್ಟಿದ ತಂಡವನ್ನು ಉಳಿಸಿಕೊಳ್ಳುವುದು ಕಷ್ಟ. ಇಂಥ ತಂಡವನ್ನು ಮುಚ್ಚಬೇಕೆಂದು ಯಾವ ಆಡಳಿತ ಮಂಡಳಿಯೂ ಸಾಮಾನ್ಯವಾಗಿ ನಿರ್ಣಯ ಮಾಡುವುದಿಲ್ಲ. ಒಂದು ವರ್ಷ ಮುಂಗಡ ಹಣ ಮಂಜೂರಾಗುವುದು ತಡವಾಗುತ್ತದೆ, ತಂಡ ಪಂದ್ಯಾವಳಿಗೆ ಹೋಗುವುದಿಲ್ಲ, ಮರುವರ್ಷ ಹೊಸಬರು ಹೆಸರು ಕೊಡುವುದಿಲ್ಲ, ಅಲ್ಲಿಗೆ ತಂಡ ಇಲ್ಲವಾಗುತ್ತದೆ. ಹಣದ ಕೊರತೆಗಿಂತ ಹಣ ಬೇಕಾದ ಹೊತ್ತಿಗೆ ಕೈಗೆ ಸಿಗದಿರುವುದೇ ಹೆಚ್ಚಿನ ತಂಡಗಳನ್ನು ಮುಗಿಸುತ್ತದೆ ಎಂಬುದು ಈ ಲೇಖನದ ನಿಲುವು. ದೈಹಿಕ ಶಿಕ್ಷಣ ನಿರ್ದೇಶಕರು, ಪ್ರಾಂಶುಪಾಲರು ಮತ್ತು ಕಾಲೇಜು ಅಭಿವೃದ್ಧಿ ಸಮಿತಿಯ ಸದಸ್ಯರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯಲಾಗಿದೆ.

ಮೊದಲು ಖರ್ಚನ್ನು ಕಾಗದಕ್ಕೆ ಇಳಿಸಿ

ತಂಡಕ್ಕೆ ವರ್ಷಕ್ಕೆ ಎಷ್ಟು ಬೇಕು ಎಂದು ಕೇಳಿದರೆ ಬಹಳಷ್ಟು ಕಡೆ ಬರುವ ಉತ್ತರ ಜೆರ್ಸಿ ಮತ್ತು ಚೆಂಡಿನ ಲೆಕ್ಕ ಮಾತ್ರ. ನಿಜವಾದ ಖರ್ಚು ಇರುವುದು ರಸ್ತೆಯ ಮೇಲೆ. ಜಿಲ್ಲೆಗೆ ರೈಲು ಮಾರ್ಗವೇ ಇಲ್ಲದ ಕಾರಣ ಇಪ್ಪತ್ತು ಜನರನ್ನು ಎಲ್ಲಿಗೆ ಕರೆದೊಯ್ಯಬೇಕಾದರೂ ಬಸ್ಸು ಅಥವಾ ಬಾಡಿಗೆ ವಾಹನವೇ ಗತಿ. ಮಡಿಕೇರಿಯಿಂದ ಮಂಗಳೂರಿಗೆ ಸುಮಾರು 140 ಕಿಲೋಮೀಟರ್. ಸಂಪಾಜೆ ಘಾಟಿ ಇಳಿದು ಸುಳ್ಯ, ಪುತ್ತೂರು ದಾಟಿ ಹೋಗಿ, ಪಂದ್ಯವಾಡಿ, ಅದೇ ದಿನ ಮರಳುವುದು ಆಟಗಾರರ ದೃಷ್ಟಿಯಿಂದಲೂ ಚಾಲಕನ ದೃಷ್ಟಿಯಿಂದಲೂ ಒಳ್ಳೆಯದಲ್ಲ.

ಒಂದು ಮಾದರಿ ಲೆಕ್ಕ ಹೀಗಿರಬಹುದು. ಇಲ್ಲಿನ ಮೊತ್ತಗಳು ಲೆಕ್ಕದ ಕ್ರಮವನ್ನು ತೋರಿಸಲು ಹಾಕಿಕೊಂಡವು, ನಿಮ್ಮ ಊರಿನ ದರವನ್ನು ಹಾಕಿ ಓದಿಕೊಳ್ಳಿ. ಹದಿನೆಂಟು ಆಟಗಾರರು, ದೈಹಿಕ ಶಿಕ್ಷಣ ನಿರ್ದೇಶಕರು ಮತ್ತು ಒಬ್ಬ ಸಹಾಯಕ ಸೇರಿ ಇಪ್ಪತ್ತು ಜನ ಎಂದಿಟ್ಟುಕೊಳ್ಳೋಣ. ಎರಡು ದಿನದ ಮಂಗಳೂರು ಪ್ರವಾಸಕ್ಕೆ ಮಿನಿ ಬಸ್ಸಿನ ಬಾಡಿಗೆ ₹18,000, ಊಟ ತಿಂಡಿಗೆ ತಲಾ ದಿನಕ್ಕೆ ₹300ರಂತೆ ₹12,000, ಒಂದು ರಾತ್ರಿಯ ವಸತಿಗೆ ತಲಾ ₹250ರಂತೆ ₹5,000; ಒಟ್ಟು ₹35,000. ಇಪ್ಪತ್ತು ಜೊತೆ ಜೆರ್ಸಿ ಚಡ್ಡಿಗೆ ₹12,000, ಆರು ಚೆಂಡಿಗೆ ₹6,000, ಗೋಲ್‌ಕೀಪರ್ ಗ್ಲೌಸ್, ಬಲೆ ಮತ್ತು ಪ್ರಥಮ ಚಿಕಿತ್ಸೆಯ ಪೆಟ್ಟಿಗೆಗೆ ₹5,000, ಒಟ್ಟು ₹23,000. ವರ್ಷಕ್ಕೊಂದೇ ಹೊರ ಪ್ರವಾಸವೆಂದರೂ ₹58,000 ಆಯಿತು. ಇನ್ನು ಆದಾಯ ನೋಡಿ: ನಾನೂರು ವಿದ್ಯಾರ್ಥಿಗಳು ಕಟ್ಟುವ ಕ್ರೀಡಾ ಶುಲ್ಕದಲ್ಲಿ ವಿಶ್ವವಿದ್ಯಾನಿಲಯದ ಪಾಲು ಕಳೆದು ತಲಾ ₹100 ಕಾಲೇಜಿನಲ್ಲಿ ಉಳಿದರೆ ಕೈಯಲ್ಲಿರುವುದು ₹40,000, ಅದೂ ಹಾಕಿ, ವಾಲಿಬಾಲ್, ಕಬಡ್ಡಿ, ಥ್ರೋಬಾಲ್, ಅಥ್ಲೆಟಿಕ್ಸ್ ಎಲ್ಲಕ್ಕೂ ಸೇರಿ. ಈ ಎರಡು ಮೊತ್ತಗಳನ್ನು ಒಂದೇ ಹಾಳೆಯಲ್ಲಿ ಪಕ್ಕಪಕ್ಕ ಬರೆದು ಪ್ರಾಂಶುಪಾಲರ ಮೇಜಿನ ಮೇಲಿಡುವುದು ಮೊದಲ ಕೆಲಸ. ಹಾಳೆ ಇಲ್ಲದ ಮನವಿಗೆ ‘ನೋಡೋಣ’ ಎಂಬ ಉತ್ತರ ಬಿಟ್ಟು ಬೇರೇನೂ ಸಿಗುವುದಿಲ್ಲ.

ಈ ಲೆಕ್ಕಕ್ಕೆ ಎರಡು ಅಂಕಣಗಳಿರಲಿ: ಪಂದ್ಯಾವಳಿ ಜಿಲ್ಲೆಯೊಳಗೆ ನಡೆದರೆ ಒಂದು, ಕರಾವಳಿಗೆ ಹೋಗಬೇಕಾದರೆ ಇನ್ನೊಂದು. ಕೊಡಗಿನ ಕಾಲೇಜುಗಳು ದೀರ್ಘಕಾಲ ಮಂಗಳೂರು ವಿಶ್ವವಿದ್ಯಾನಿಲಯಕ್ಕೆ ಸೇರಿದ್ದವು. 2023ರಲ್ಲಿ ಚಿಕ್ಕ ಅಳುವಾರದಲ್ಲಿ ಕೊಡಗು ವಿಶ್ವವಿದ್ಯಾನಿಲಯ ಆರಂಭವಾಯಿತು. 2025ರ ಫೆಬ್ರವರಿಯಲ್ಲಿ ಸಚಿವ ಸಂಪುಟದ ಉಪಸಮಿತಿ ಹೊಸ ವಿಶ್ವವಿದ್ಯಾನಿಲಯಗಳಲ್ಲಿ ಒಂಬತ್ತನ್ನು ಮುಚ್ಚುವ ಸಲಹೆ ನೀಡಿದಾಗ ಅದರಲ್ಲಿ ಕೊಡಗಿನ ಹೆಸರೂ ಇತ್ತು. ರಾಜಕೀಯವಾಗಿ ಇದರ ಬಗ್ಗೆ ಯಾರ ಅಭಿಪ್ರಾಯ ಏನೇ ಇರಲಿ, ಕ್ರೀಡಾ ಲೆಕ್ಕದ ಮಟ್ಟಿಗೆ ಇದು ನೇರವಾಗಿ ಹಣದ ಪ್ರಶ್ನೆ. ಅಂತರ ಕಾಲೇಜು ಪಂದ್ಯಾವಳಿ ಜಿಲ್ಲೆಯೊಳಗೇ ನಡೆದರೆ ಪೊನ್ನಂಪೇಟೆಯ ತಂಡ ಬೆಳಿಗ್ಗೆ ಹೊರಟು ಮಡಿಕೇರಿಯಲ್ಲಿ ಆಡಿ ಸಂಜೆ ಮನೆ ಸೇರುತ್ತದೆ. ವಸತಿಯ ಖರ್ಚಿಲ್ಲ, ಊಟ ಒಂದೇ ದಿನದ್ದು, ವಾಹನದ ಬಾಡಿಗೆಯೂ ಬಹುಪಾಲು ಇಳಿಯುತ್ತದೆ. ಕರಾವಳಿಗೆ ಹೋಗಬೇಕಾದರೆ ಮೇಲಿನ ₹35,000 ಬೇಕೇ ಬೇಕು. ಜಿಲ್ಲೆಯೊಳಗಿನ ಪಂದ್ಯಾವಳಿಯಲ್ಲಿ ಒಂದು ಕೊರತೆಯೂ ಇದೆ: ಎದುರಾಳಿಗಳು ಕಡಿಮೆ, ಹೀಗಾಗಿ ಎರಡು ಪಂದ್ಯ ಸೋತರೆ ವರ್ಷದ ಆಟ ಮುಗಿದಂತೆ. ಯಾವ ಅಂಕಣ ಜಾರಿಗೆ ಬರುತ್ತದೆ ಎಂಬುದು ಕಾಲೇಜಿನ ಕೈಯಲ್ಲಿಲ್ಲದ ಕಾರಣ ದೊಡ್ಡ ಅಂಕಣಕ್ಕೆ ಮಂಜೂರಾತಿ ಪಡೆದು, ಉಳಿದರೆ ಮರಳಿಸುವುದೇ ಜಾಣತನ.

ರಸ್ತೆಯ ಖರ್ಚನ್ನು ಇಳಿಸುವುದು

ಮಹಿಳಾ ತಂಡವಿರುವ ಕಾಲೇಜುಗಳಿಗೆ ಒಂದು ದೊಡ್ಡ ಅನುಕೂಲವಿದೆ, ಅದನ್ನು ಬಳಸಿಕೊಳ್ಳುವವರು ಕಡಿಮೆ. 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಡಿ ರಾಜ್ಯದ ಮಹಿಳೆಯರು ಸಾರಿಗೆ ಸಂಸ್ಥೆಯ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ರಾಜ್ಯದೊಳಗೆ ಉಚಿತವಾಗಿ ಪ್ರಯಾಣಿಸಬಹುದು. ಮಡಿಕೇರಿಯಿಂದ ಮಂಗಳೂರಿಗಾಗಲಿ ಮೈಸೂರಿಗಾಗಲಿ ಹದಿನೆಂಟು ಆಟಗಾರ್ತಿಯರ ಟಿಕೆಟ್ ಖರ್ಚು ಶೂನ್ಯವಾಗುತ್ತದೆ. ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಕಡ್ಡಾಯ. ಗಡಿಯಾಚೆಯಿಂದ ಬಂದು ವಿರಾಜಪೇಟೆಯಲ್ಲಿ ಓದುವ ಕೇರಳದ ವಿದ್ಯಾರ್ಥಿನಿಯರು ತಂಡದಲ್ಲಿದ್ದರೆ ಅವರ ಟಿಕೆಟ್ ಹಣವನ್ನು ಬೇರೆಯಾಗಿ ತೆಗೆದಿಡಿ, ನಿರ್ವಾಹಕರೊಡನೆ ಬಸ್ಸಿನೊಳಗೆ ವಾದಕ್ಕೆ ನಿಲ್ಲುವ ಪ್ರಮೇಯ ಬೇಡ. ಮಹಿಳಾ ಫುಟ್‌ಬಾಲ್ ತಂಡಕ್ಕೆ ಹಣವಿಲ್ಲ ಎಂದು ಹೇಳುವ ಕಾಲೇಜು ಈ ಲೆಕ್ಕ ನೋಡಿದ ಮೇಲೆ ಬೇರೆ ಕಾರಣ ಹುಡುಕಬೇಕಾಗುತ್ತದೆ.

ಪುರುಷರ ತಂಡಕ್ಕೆ ಈ ಸೌಲಭ್ಯವಿಲ್ಲ, ವಿದ್ಯಾರ್ಥಿ ಪಾಸು ಮನೆ ಮತ್ತು ಕಾಲೇಜಿನ ನಡುವಿನ ಮಾರ್ಗಕ್ಕಷ್ಟೇ ಸೀಮಿತ. ಅವರಿಗೆ ಉಳಿಯುವ ದಾರಿಯೆಂದರೆ ವಾಹನ ಹಂಚಿಕೊಳ್ಳುವುದು. ಗೋಣಿಕೊಪ್ಪಲಿನ ಮತ್ತು ವಿರಾಜಪೇಟೆಯ ಎರಡು ಕಾಲೇಜುಗಳು ಒಂದೇ ಪಂದ್ಯಾವಳಿಗೆ ಹೋಗುತ್ತಿದ್ದರೆ ಎರಡು ಮಿನಿ ಬಸ್ಸಿನ ಬದಲು ಒಂದು ದೊಡ್ಡ ಬಸ್ಸು ಸಾಕು. ಎದುರಾಳಿಗಳನ್ನು ಒಂದೇ ಬಸ್ಸಿನಲ್ಲಿ ಕೂರಿಸಿದರೆ ಜಗಳವಾಗುತ್ತದೆ ಎಂಬ ಅಂಜಿಕೆಯನ್ನು ಕೇಳಿದ್ದೇನೆ. ಸಾಮಾನ್ಯವಾಗಿ ಆಗುವುದು ಹಾಡು. ಕಾಲೇಜಿನ ಸ್ವಂತ ಬಸ್ಸಿದ್ದರೆ ಅದರ ಪರ್ಮಿಟ್ ಮತ್ತು ವಿಮೆ ಆ ಪ್ರಯಾಣಕ್ಕೆ ಅನ್ವಯಿಸುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಿ. ಮಾಕುಟ್ಟ ಘಾಟಿ ಇಳಿದು ಇರಿಟ್ಟಿ, ಕಣ್ಣೂರಿನ ಕಡೆಗೆ ಸ್ನೇಹ ಪಂದ್ಯಕ್ಕೆ ಹೋಗುವ ಆಸೆ ದಕ್ಷಿಣ ಕೊಡಗಿನ ತಂಡಗಳಿಗೆ ಸಹಜ, ಏಕೆಂದರೆ ಅಲ್ಲಿನ ಆಟದ ಮಟ್ಟ ಎತ್ತರದ್ದು. ಆದರೆ ಗಡಿ ದಾಟಿದರೆ ಪರ್ಮಿಟ್ ಮತ್ತು ತೆರಿಗೆಯ ಖರ್ಚು ಸೇರುತ್ತದೆ ಎಂಬುದನ್ನು ಮರೆಯಬಾರದು.

ಪ್ರವಾಸದ ಮೊತ್ತದ ಮೇಲೆ ಒಂದು ಹೆಚ್ಚುವರಿ ರಾತ್ರಿಯ ಹಣವನ್ನು ಕಡ್ಡಾಯವಾಗಿ ಇಟ್ಟುಕೊಳ್ಳಿ. 2018ರ ಆಗಸ್ಟ್‌ನಲ್ಲಿ ಭೂಕುಸಿತದಿಂದ ಮಡಿಕೇರಿ ಮತ್ತು ಸಂಪಾಜೆಯ ನಡುವಿನ ಹೆದ್ದಾರಿ ಕಡಿದುಹೋದದ್ದನ್ನು ಜಿಲ್ಲೆಯವರಿಗೆ ನೆನಪಿಸಬೇಕಾಗಿಲ್ಲ. ಮಳೆಗಾಲದಲ್ಲಿ ಘಾಟಿಯ ಸಂಚಾರ ನಿಂತರೆ ತಂಡ ಸುಳ್ಯದಲ್ಲಿ ಉಳಿಯಬೇಕಾಗುತ್ತದೆ, ಇಪ್ಪತ್ತು ಜನರ ಊಟ ಮತ್ತು ವಸತಿಯ ಖರ್ಚು ಆಗ ದೈಹಿಕ ಶಿಕ್ಷಣ ನಿರ್ದೇಶಕರ ಜೇಬಿನಿಂದಲೇ ಹೋಗುತ್ತದೆ. ಜೇಬಿನಿಂದ ಹೋದ ಹಣ ಮರಳಿ ಬರಲು ಎಷ್ಟು ಕಾಲ ಬೇಕು ಎಂಬುದು ಆ ಹುದ್ದೆಯಲ್ಲಿರುವವರಿಗೆಲ್ಲ ಗೊತ್ತು.

ಕೇಳುವ ಕಾಲ, ಕೇಳುವ ರೀತಿ

ಕೊಡಗಿನಲ್ಲಿ ದೇಣಿಗೆ ಕೇಳಲು ಕಾಲವಿದೆ. ಶೈಕ್ಷಣಿಕ ವರ್ಷ ಮಳೆಯೊಡನೆ ಆರಂಭವಾಗುತ್ತದೆ, ತಂಡದ ಆಯ್ಕೆ ಮುಗಿಯುವಾಗ ಆಗಸ್ಟ್ ಬಂದಿರುತ್ತದೆ, ಆಗಲೇ ರಸೀದಿ ಪುಸ್ತಕ ಹಿಡಿದು ಹೊರಡುವುದು ವಾಡಿಕೆ. ಕಾಫಿ ಬೆಳೆಗಾರರ ಕೈ ಅತ್ಯಂತ ಬಿಗಿಯಾಗಿರುವ ತಿಂಗಳುಗಳು ಅವೇ: ಹೋದ ಬೆಳೆಯ ಹಣ ತೋಟದ ಕೆಲಸ, ಗೊಬ್ಬರ, ಮಕ್ಕಳ ಶುಲ್ಕಕ್ಕೆ ಹೋಗಿರುತ್ತದೆ, ಮುಂದಿನ ಬೆಳೆ ಗಿಡದ ಮೇಲಿರುತ್ತದೆ, ಅದು ಮಳೆಗೆ ಉದುರುತ್ತದೆಯೋ ಉಳಿಯುತ್ತದೆಯೋ ಎಂಬ ಚಿಂತೆ ಬೇರೆ. ಅರೇಬಿಕಾ ಕೊಯ್ಲು ನವೆಂಬರ್ ಹೊತ್ತಿಗೆ ಶುರುವಾಗಿ, ರೊಬಸ್ಟಾ ಕೊಯ್ಲು ಮಾರ್ಚ್‌ವರೆಗೆ ಸಾಗುತ್ತದೆ. ಕಣದಲ್ಲಿ ಒಣಗಿದ ಕಾಫಿ ಹಣ್ಣು, ಅಂದರೆ ಚೆರಿ, ಮಾರಾಟವಾಗಿ ಹಣ ಕೈಸೇರುವ ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ಅವಧಿಯೇ ಮುಂದಿನ ವರ್ಷದ ತಂಡಕ್ಕಾಗಿ ಕೇಳುವ ಸಮಯ. ಹಾಗೆ ಮಾಡಬೇಕಾದರೆ ಬಜೆಟ್ ಹಾಳೆ ಜನವರಿಯಲ್ಲೇ ಸಿದ್ಧವಾಗಿರಬೇಕು, ಬಂದ ಹಣ ಜೂನ್‌ವರೆಗೆ ಬೇರೆ ಖರ್ಚಿಗೆ ಸೋರದಂತೆ ಪ್ರತ್ಯೇಕ ಬ್ಯಾಂಕ್ ಖಾತೆಯಲ್ಲಿರಬೇಕು. ಇಡೀ ಕೈಪಿಡಿಯಲ್ಲಿ ಒಂದೇ ಸಲಹೆಯನ್ನು ಪಾಲಿಸಲು ಸಾಧ್ಯವಿರುವ ಕಾಲೇಜು ಇದನ್ನು ಪಾಲಿಸಲಿ.

ದಾನಿಗಳ ಮುಂದೆ ದೇಣಿಗೆಗೆ ಸಿಗುವ ಆದಾಯ ತೆರಿಗೆ ವಿನಾಯಿತಿಯನ್ನು (80ಜಿ ಎಂದು ಪರಿಚಿತ) ದೊಡ್ಡದಾಗಿ ಹೇಳುವ ರೂಢಿಯಿದೆ. ಬೆಂಗಳೂರಿನಲ್ಲಿ ಸಂಬಳಕ್ಕೆ ದುಡಿಯುವ ಹಳೆಯ ವಿದ್ಯಾರ್ಥಿಗೆ ಅದು ಉಪಯೋಗಕ್ಕೆ ಬರಬಹುದು, ಆತ ಹಳೆಯ ತೆರಿಗೆ ಪದ್ಧತಿಯಲ್ಲೇ ಉಳಿದಿದ್ದರೆ ಮಾತ್ರ. ₹2,000ಕ್ಕಿಂತ ಹೆಚ್ಚಿನ ನಗದು ದೇಣಿಗೆಗೆ ಆ ವಿನಾಯಿತಿ ಸಿಗುವುದಿಲ್ಲವಾದ್ದರಿಂದ ಹಣ ಬ್ಯಾಂಕಿನ ಮೂಲಕವೇ ಬರಬೇಕು. ಆದರೆ ಊರಿನ ಸಣ್ಣ ಬೆಳೆಗಾರನಿಗೆ ಈ ಮಾತು ತಾಗುವುದೇ ಇಲ್ಲ. ಕ್ಯೂರಿಂಗ್ (ಒಣ ಸಿಪ್ಪೆ ತೆಗೆದು ಬೀಜ ಬೇರ್ಪಡಿಸುವ ಕೆಲಸ) ಮಾಡದೆ ಮಾರಿದ ಕಾಫಿಯ ಆದಾಯ ಕೃಷಿ ಆದಾಯ, ಅದಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ. ತಾನೇ ಬೆಳೆದು ಕ್ಯೂರಿಂಗ್ ಮಾಡಿ ಮಾರಿದರೂ ಆದಾಯದ ಶೇ. 25ರಷ್ಟಕ್ಕೆ ಮಾತ್ರ ತೆರಿಗೆಯ ಲೆಕ್ಕ. ತೆರಿಗೆಯೇ ಕಟ್ಟದವನಿಗೆ ತೆರಿಗೆ ಉಳಿಸುವ ಆಮಿಷ ಒಡ್ಡುವುದರಲ್ಲಿ ಅರ್ಥವಿಲ್ಲ. ಆತನ ಬಳಿ ವಸ್ತುವನ್ನು ಕೇಳಿ: ಹನ್ನೊಂದು ಜೊತೆ ಶಿನ್‌ಗಾರ್ಡ್, ಒಂದು ದಿನದ ಜೀಪು, ಪಂದ್ಯದ ದಿನ ಇಪ್ಪತ್ತು ಜನರ ಮಧ್ಯಾಹ್ನದ ಊಟ. ‘ತಂಡಕ್ಕೆ ಏನಾದರೂ ಕೊಡಿ’ ಎಂದರೆ ಐನೂರು ರೂಪಾಯಿ ಬರುತ್ತದೆ. ‘ಗೋಲ್‌ಕೀಪರ್ ಗ್ಲೌಸ್ ನಿಮ್ಮದು’ ಎಂದರೆ ಗ್ಲೌಸೇ ಬರುತ್ತದೆ, ಪಂದ್ಯ ನೋಡಲು ಅವರೂ ಬರುತ್ತಾರೆ.

ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ ನಿಧಿ, ಅಂದರೆ ಸಿಎಸ್‌ಆರ್ ಹಣ, ಬೇರೆಯದೇ ದಾರಿ. ಕಂಪನಿ ಕಾಯ್ದೆ 2013ರ 135ನೇ ಸೆಕ್ಷನ್ ಪ್ರಕಾರ ನಿಗದಿತ ಗಾತ್ರದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ. 2ನ್ನು ಸಮಾಜಮುಖಿ ಕೆಲಸಕ್ಕೆ ವೆಚ್ಚ ಮಾಡಬೇಕು. ಕಾಯ್ದೆಯ ಏಳನೇ ಅನುಸೂಚಿಯಲ್ಲಿ ಗ್ರಾಮೀಣ ಕ್ರೀಡೆ, ರಾಷ್ಟ್ರೀಯ ಮಾನ್ಯತೆಯ ಕ್ರೀಡೆ, ಒಲಿಂಪಿಕ್ ಕ್ರೀಡೆಗಳ ತರಬೇತಿಯೂ ಸೇರಿದೆ, ಫುಟ್‌ಬಾಲ್ ಒಲಿಂಪಿಕ್ ಕ್ರೀಡೆಯೇ. ಆದರೆ ತಂಡದ ಹೆಸರಿಗಾಗಲಿ ದೈಹಿಕ ಶಿಕ್ಷಣ ನಿರ್ದೇಶಕರ ಹೆಸರಿಗಾಗಲಿ ಆ ಹಣ ಬರುವುದಿಲ್ಲ. ನೋಂದಾಯಿತ ಟ್ರಸ್ಟ್ ಅಥವಾ ಸಂಘ ಬೇಕು, ಅದು ಸಿಎಸ್‌ಆರ್-1 ನಮೂನೆಯಲ್ಲಿ ನೋಂದಣಿ ಮಾಡಿಸಿಕೊಂಡಿರಬೇಕು. ಖಾಸಗಿ ಕಾಲೇಜಿನ ಆಡಳಿತ ಸಂಸ್ಥೆಗೆ ಇದು ಸಾಧ್ಯ, ಸರ್ಕಾರಿ ಪ್ರಥಮ ದರ್ಜೆ ಕಾಲೇಜಿಗೆ ಹಳೆಯ ವಿದ್ಯಾರ್ಥಿ ಸಂಘ ಆ ಪಾತ್ರ ವಹಿಸಬಹುದು. ಅರ್ಜಿಯಲ್ಲಿ ಪಂದ್ಯಾವಳಿಗಿಂತ ತರಬೇತಿಗೆ ಒತ್ತು ಕೊಡಿ, ಏಕೆಂದರೆ ಅನುಸೂಚಿಯಲ್ಲಿರುವುದು ತರಬೇತಿ ಎಂಬ ಪದ.

ಸಾಮಾನು ಮತ್ತು ಮಳೆ

ಚೆಂಡು, ಬಲೆ, ಜೆರ್ಸಿಯನ್ನು ಹತ್ತಿರದ ಅಂಗಡಿಯಲ್ಲಿ ಬಿಡಿಯಾಗಿ ಕೊಳ್ಳುವ ಬದಲು ಮೂರು ನಾಲ್ಕು ಕಾಲೇಜುಗಳು ಸೇರಿ ಜಲಂಧರ್ ಅಥವಾ ಮೀರತ್‌ನ ತಯಾರಕರಿಂದ ಒಟ್ಟಿಗೆ ತರಿಸಿದರೆ ದರ ಇಳಿಯುತ್ತದೆ. ಮೂರು ಕೊಟೇಶನ್ ಇಲ್ಲದೆ ಆರ್ಡರ್ ಹಾಕಬೇಡಿ, ಲೆಕ್ಕ ಪರಿಶೋಧಕರು ಮೊದಲು ಕೇಳುವುದೇ ಅದನ್ನು. ಜೆರ್ಸಿಯ ಮೇಲೆ ವರ್ಷವನ್ನಾಗಲಿ ಆಟಗಾರನ ಹೆಸರನ್ನಾಗಲಿ ಮುದ್ರಿಸಬೇಡಿ, ಸಂಖ್ಯೆ ಸಾಕು. ಮೂರು ವರ್ಷ ಬಾಳುವ ಬಟ್ಟೆಯನ್ನು ಒಂದು ವರ್ಷಕ್ಕೆ ಕಟ್ಟಿಹಾಕುವುದು ಆ ಅಕ್ಷರಗಳೇ.

ಜಿಲ್ಲೆಯಲ್ಲಿ ಸಾಮಾನನ್ನು ತಿನ್ನುವುದು ಆಟಕ್ಕಿಂತ ಹೆಚ್ಚಾಗಿ ತೇವ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀಗ ಹಾಕಿದ ಕ್ರೀಡಾ ಕೊಠಡಿಯಲ್ಲಿಟ್ಟ ಬೂಟು ಬೂಸು ಹಿಡಿದು, ಅಡಿಯ ಅಂಟು ಬಿಟ್ಟು, ಮೊದಲ ಪಂದ್ಯದಲ್ಲೇ ಅಟ್ಟೆ ಬಾಯಿ ತೆರೆಯುತ್ತದೆ. ಅಭ್ಯಾಸ ಮುಗಿದ ಕೂಡಲೇ ಮಣ್ಣನ್ನು ಕೆರೆದು, ಒಳಗಿನ ಅಟ್ಟೆಯನ್ನು ಹೊರತೆಗೆದು, ಹಳೆಯ ಪತ್ರಿಕೆಯನ್ನು ಉಂಡೆ ಮಾಡಿ ಬೆರಳಿನ ಭಾಗದವರೆಗೆ ತುರುಕಬೇಕು; ರಾತ್ರಿ ಕಳೆಯುವಷ್ಟರಲ್ಲಿ ಕಾಗದ ನೀರು ಹೀರಿ ಭಾರವಾಗಿರುತ್ತದೆ, ಅದನ್ನು ತೆಗೆದು ಒಣ ಕಾಗದ ಹಾಕಬೇಕು. ಒಲೆಯ ಪಕ್ಕ ಒಣಗಿಸುವುದು ಊರ ರೂಢಿಯಾದರೂ ಬಿಸಿಗೆ ಅಂಟು ಸಡಿಲವಾಗುತ್ತದೆ, ಗಾಳಿಯಾಡುವ ಜಗಲಿಯೇ ಮೇಲು. ಚೆಂಡುಗಳ ಗಾಳಿಯನ್ನು ಸ್ವಲ್ಪ ಇಳಿಸಿ, ನೆಲ ಮುಟ್ಟದಂತೆ ಬಲೆಯ ಚೀಲದಲ್ಲಿ ತೂಗುಹಾಕಿ. ಗೋಲಿನ ಬಲೆಯನ್ನು ಪಂದ್ಯವಿಲ್ಲದ ದಿನಗಳಲ್ಲಿ ಬಿಚ್ಚಿಡಿ.

ಗೆರೆ ಹಾಕುವ ಸುಣ್ಣದ ವಿಷಯದಲ್ಲಿ ಎಚ್ಚರ ಅಗತ್ಯ. ಕಾಫಿ ತೋಟಗಳಿಗೆ ಮಣ್ಣಿನ ಹುಳಿ ತಗ್ಗಿಸಲು ಹಾಕುವ ಕೃಷಿ ಸುಣ್ಣ ಅಗ್ಗವಾಗಿ, ಕೆಲವೊಮ್ಮೆ ಉಚಿತವಾಗಿ ಸಿಗುತ್ತದೆ, ಮೈದಾನದ ಗೆರೆಗೆ ಅದು ಸಾಕು. ಆದರೆ ಸುಟ್ಟ ಸುಣ್ಣವನ್ನಾಗಲಿ ಅರಳಿಸಿದ ಸುಣ್ಣವನ್ನಾಗಲಿ ಬಳಸಲೇಬಾರದು. ಒದ್ದೆ ಮೈದಾನದಲ್ಲಿ ಜಾರಿಬಿದ್ದ ಆಟಗಾರನ ತರಚಿದ ಚರ್ಮಕ್ಕೂ ಕಣ್ಣಿಗೂ ಅದು ಸುಡುಗಾಯ ಮಾಡುತ್ತದೆ. ಚೀಲದ ಮೇಲೆ ಏನು ಬರೆದಿದೆ ಎಂದು ಓದದೆ ಸುರಿಯಬೇಡಿ.

ಗಾಯದ ಖರ್ಚು

ಬಜೆಟ್ ಹಾಳೆಯಲ್ಲಿ ಯಾರೂ ಬರೆಯದ, ಆದರೆ ತಂಡವನ್ನು ಒಂದೇ ಏಟಿಗೆ ನಿಲ್ಲಿಸಬಲ್ಲ ಖರ್ಚು ಮಂಡಿಯ ಗಾಯದ್ದು. ಆಟದ ನಿಯಮಗಳೇ ಶಿನ್‌ಗಾರ್ಡನ್ನು ಕಡ್ಡಾಯ ಮಾಡಿವೆ. ಅಭ್ಯಾಸದಲ್ಲೂ ಅದನ್ನು ಕಡ್ಡಾಯ ಮಾಡಿ. ಹದಿನೆಂಟು ತುಂಬಿ, ಬ್ಯಾಂಕ್ ಖಾತೆಯಿರುವ ಪ್ರತಿ ಆಟಗಾರನನ್ನೂ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ಸೇರಿಸಿ, ವರ್ಷಕ್ಕೆ ₹20 ಮಾತ್ರ. ಆದರೆ ಅದು ಏನನ್ನು ಕೊಡುವುದಿಲ್ಲ ಎಂಬುದನ್ನು ತಂದೆ ತಾಯಿಯರಿಗೆ ತಿಳಿಸುವುದು ಅಷ್ಟೇ ಮುಖ್ಯ: ಅಪಘಾತದ ಸಾವಿಗೆ ಅಥವಾ ಪೂರ್ಣ ಶಾಶ್ವತ ಅಂಗವೈಕಲ್ಯಕ್ಕೆ ₹2 ಲಕ್ಷ, ಭಾಗಶಃ ಶಾಶ್ವತ ಅಂಗವೈಕಲ್ಯಕ್ಕೆ ₹1 ಲಕ್ಷ, ಅಷ್ಟೇ. ಮಂಡಿಯ ಶಸ್ತ್ರಚಿಕಿತ್ಸೆಯ ಆಸ್ಪತ್ರೆ ಬಿಲ್ಲು ಅದರಲ್ಲಿ ಬರುವುದಿಲ್ಲ. ಅದಕ್ಕೆ ಆಸ್ಪತ್ರೆ ವೆಚ್ಚವನ್ನೂ ಒಳಗೊಂಡ ಗುಂಪು ಅಪಘಾತ ವಿಮೆಯನ್ನು ಕಾಲೇಜು ಬೇರೆಯಾಗಿ ಮಾಡಿಸಬೇಕು, ಒಂದು ಆಟಕ್ಕಷ್ಟೇ ಮಾಡಿಸುವುದಕ್ಕಿಂತ ಕಾಲೇಜಿನ ಎಲ್ಲ ಕ್ರೀಡಾಪಟುಗಳನ್ನು ಸೇರಿಸಿ ಮಾಡಿಸುವುದು ಸುಲಭ.

ಬೇಸಿಗೆಯಲ್ಲಿ ತಂಡಕ್ಕೆ ಏಳು ಜನ ಆಡುವ ಊರೂರಿನ ಸೆವೆನ್ಸ್ ಪಂದ್ಯಾವಳಿಗಳು ಬರುತ್ತವೆ. ಕಾಲೇಜಿನ ಒಳ್ಳೆಯ ಆಟಗಾರರನ್ನು ಕ್ಲಬ್ಬುಗಳು ಊಟ, ಬೂಟು, ಒಂದಿಷ್ಟು ಕೈಖರ್ಚು ಕೊಟ್ಟು ಕರೆಯುತ್ತವೆ. ಇದನ್ನು ನಿಷೇಧಿಸುವುದರಿಂದ ಪ್ರಯೋಜನವಿಲ್ಲ, ತೋಟದ ಕಾರ್ಮಿಕರ ಲೈನ್ ಮನೆಯಿಂದ ಬಂದ ಹುಡುಗನಿಗೆ ಆ ಹಣ ಪುಸ್ತಕದ ಹಣ. ಪಂದ್ಯಾವಳಿಗೆ ಎರಡು ವಾರ ಇರುವಾಗ ಹೊರಗೆ ಆಡಬಾರದು ಎಂಬ ಒಂದೇ ನಿಯಮವನ್ನು ಮಾಡಿ, ಅದನ್ನು ಆಟಗಾರರಿಂದಲೇ ಒಪ್ಪಿಸಿಕೊಂಡರೆ ಸಾಕು.

ಆಡಳಿತ ಮಂಡಳಿಯನ್ನು ಒಪ್ಪಿಸಲು ಒಂದು ವಾದ

‘ಫುಟ್‌ಬಾಲಿನಿಂದ ಕಾಲೇಜಿಗೆ ಏನು ಲಾಭ?’ ಎಂಬ ಪ್ರಶ್ನೆಗೆ ಆರೋಗ್ಯ, ಶಿಸ್ತು, ಸಂಘಭಾವ ಎಂದು ಉತ್ತರಿಸಿದರೆ ಮಂಡಳಿ ತಲೆಯಾಡಿಸಿ ಮುಂದಿನ ವಿಷಯಕ್ಕೆ ಹೋಗುತ್ತದೆ. ದಾಖಲಾತಿಯ ಮಾತಾಡಿ. ಅಮೆರಿಕದ ಸಣ್ಣ ಕಾಲೇಜುಗಳ ಅನುಭವ ಇಲ್ಲಿ ಉಪಯುಕ್ತ. ಅಲ್ಲಿನ ಫುಟ್‌ಬಾಲ್ ಹೆಲ್ಮೆಟ್ ತೊಟ್ಟು ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಬೇರೆಯೇ ಆಟವಾದರೂ ಹಣದ ಸಂಕಟ ನಮಗೆ ಅಪರಿಚಿತವಲ್ಲ. ಅಲ್ಲಿ ಕಾಲೇಜು ಕ್ರೀಡೆಯ ಮೂರು ವಿಭಾಗಗಳಲ್ಲಿ ಕೊನೆಯದಾದ ಮೂರನೇ ವಿಭಾಗದ ಕಾಲೇಜುಗಳು ಕ್ರೀಡಾ ವಿದ್ಯಾರ್ಥಿವೇತನ ಕೊಡುವಂತಿಲ್ಲ. ಹಾಗಿದ್ದೂ ಅನೇಕ ಸಣ್ಣ ಖಾಸಗಿ ಕಾಲೇಜುಗಳು ತಂಡವನ್ನು ಉಳಿಸಿಕೊಂಡಿರುವುದು, ಕೆಲವು ಹೊಸದಾಗಿ ಕಟ್ಟಿರುವುದು, ಆಡುವ ಆಸೆಯಿಂದ ಬಂದು ಸೇರುವ ನೂರರ ಆಸುಪಾಸಿನ ಹುಡುಗರು ಕಟ್ಟುವ ಬೋಧನಾ ಶುಲ್ಕಕ್ಕಾಗಿ. ತಂಡ ಟಿಕೆಟ್ ಮಾರಿ ಗಳಿಸುವುದಿಲ್ಲ, ತರಗತಿಯ ಬೆಂಚು ತುಂಬಿಸಿ ಗಳಿಸುತ್ತದೆ. ಕೊಡಗಿನ ಕಾಲೇಜೊಂದರ ಬಿ.ಎ. ಅಥವಾ ಬಿ.ಕಾಂ. ತರಗತಿಗೆ ತಂಡದ ಕಾರಣದಿಂದ ಹತ್ತು ಹುಡುಗರು ಹೆಚ್ಚು ಸೇರಿದರೂ ಅವರ ಮೂರು ವರ್ಷದ ಶುಲ್ಕ ತಂಡದ ಖರ್ಚಿನ ಎದುರು ನಿಲ್ಲುತ್ತದೆ. ಅರ್ಜಿ ನಮೂನೆಯಲ್ಲೇ ‘ಯಾವ ಕ್ರೀಡೆ ಆಡುತ್ತೀರಿ, ಕಾಲೇಜನ್ನು ಆರಿಸಲು ಅದು ಕಾರಣವೇ’ ಎಂದು ಕೇಳಿ ದಾಖಲಿಸಿದರೆ ವಾದಕ್ಕೆ ಆಧಾರವೂ ಸಿಗುತ್ತದೆ.

ಅಲ್ಲಿಂದಲೇ ಎಚ್ಚರಿಕೆಯ ಪಾಠವೂ ಇದೆ. ಸಣ್ಣ ವಿಶ್ವವಿದ್ಯಾನಿಲಯಗಳು ದೊಡ್ಡವರ ಮೈದಾನಕ್ಕೆ ಹೋಗಿ ಸೋಲುವ ನಿರೀಕ್ಷೆಯಲ್ಲೇ ಆಡಿ, ಅದಕ್ಕೆ ಒಪ್ಪಂದದ ಹಣ ಪಡೆಯುತ್ತವೆ. 2007ರಲ್ಲಿ ಅಪಲಾಚಿಯನ್ ಸ್ಟೇಟ್ ತಂಡಕ್ಕೆ ಮಿಷಿಗನ್ ವಿಶ್ವವಿದ್ಯಾನಿಲಯ 4 ಲಕ್ಷ ಡಾಲರ್ ಕೊಟ್ಟು ಕರೆಸಿತು, ಬಂದವರು 34-32ರಿಂದ ಗೆದ್ದೇ ಹೋದರು. ಆ ಕಥೆಯನ್ನು ಎಲ್ಲರೂ ಹೇಳುತ್ತಾರೆ, ಏಕೆಂದರೆ ಅದು ಅಪರೂಪ. ದೊಡ್ಡವರ ಹಣದ ಓಟದಲ್ಲಿ ಸಣ್ಣವರು ಹಿಂದೆ ಬೀಳುವುದೇ ಸಾಮಾನ್ಯ: 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ, ಕ್ರೀಡಾಪಟುಗಳು ಹೂಡಿದ ಮೊಕದ್ದಮೆಯ ‘ಹೌಸ್’ ರಾಜಿ ಒಪ್ಪಂದದಂತೆ ಒಂದು ವಿಶ್ವವಿದ್ಯಾನಿಲಯ ಮೊದಲ ವರ್ಷದಲ್ಲೇ ಸುಮಾರು 2.05 ಕೋಟಿ ಡಾಲರ್‌ವರೆಗೆ ತನ್ನ ಕ್ರೀಡಾಪಟುಗಳಿಗೆ ಹಂಚಬಹುದು, ಆದರೆ ಹಿಂದಿನ ಕ್ರೀಡಾಪಟುಗಳಿಗೆ ಕೊಡಬೇಕಾದ ಪರಿಹಾರದ ಒಂದು ಪಾಲು ಮೊದಲ ವಿಭಾಗದ ಸಣ್ಣವರ ಅನುದಾನದಿಂದಲೂ ಕಡಿತವಾಗುತ್ತದೆ. ಪೆನ್ಸಿಲ್ವೇನಿಯಾದ ಸೇಂಟ್ ಫ್ರಾನ್ಸಿಸ್ ವಿಶ್ವವಿದ್ಯಾನಿಲಯ ಅದೇ ವರ್ಷದ ಮಾರ್ಚ್‌ನಲ್ಲಿ ಮೊದಲ ವಿಭಾಗವನ್ನು ಬಿಟ್ಟು ಮೂರನೆಯದಕ್ಕೆ ಇಳಿಯುವುದಾಗಿ ಪ್ರಕಟಿಸಿತು. ಅದನ್ನು ಸೋಲೆಂದು ನಾನು ಓದುವುದಿಲ್ಲ. ತಾಳಲಾರದ ಮಟ್ಟದಲ್ಲಿ ಆಡುವುದನ್ನು ನಿಲ್ಲಿಸಿ ತಾಳಬಲ್ಲ ಮಟ್ಟದಲ್ಲಿ ಆಡಲು ಮಾಡಿದ ನಿರ್ಧಾರ ಅದು. ಪ್ರವೇಶ ಶುಲ್ಕ ಕಟ್ಟಿ ದೂರದ ಬಹುಮಾನದ ಪಂದ್ಯಾವಳಿಗಳಿಗೆ ತಂಡ ಕಳುಹಿಸುವ ಮುನ್ನ ನಮ್ಮ ಕಾಲೇಜುಗಳೂ ಇದನ್ನು ಯೋಚಿಸಬೇಕು. ಬಹುಮಾನದ ಹಣವನ್ನು ಬಜೆಟ್‌ನ ಆದಾಯದ ಸಾಲಿನಲ್ಲಿ ಎಂದೂ ಬರೆಯಬೇಡಿ.

ಪಂದ್ಯಾವಳಿಯ ಆತಿಥ್ಯ

ಆತಿಥ್ಯ ವಹಿಸಿದರೆ ಪ್ರಯಾಣದ ಖರ್ಚು ಉಳಿಯುತ್ತದೆ ಎಂಬುದು ಅರ್ಧ ಸತ್ಯ. ತೀರ್ಪುಗಾರರ ಸಂಭಾವನೆ, ಆ್ಯಂಬುಲೆನ್ಸ್, ಶಾಮಿಯಾನ, ಕುಡಿಯುವ ನೀರು, ಹೊರಗಿನ ತಂಡಗಳ ಊಟ, ಟ್ರೋಫಿ ಎಲ್ಲ ಸೇರಿದರೆ ಉಳಿದದ್ದಕ್ಕಿಂತ ಹೋದದ್ದೇ ಹೆಚ್ಚಾಗಬಹುದು. ಭಾರವನ್ನು ಸರದಿಯಲ್ಲಿ ಹೊರುವ ಮಾದರಿ ಜಿಲ್ಲೆಯಲ್ಲೇ ಇದೆ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಆರಂಭಿಸಿದ ಕೊಡವ ಕುಟುಂಬಗಳ ಹಾಕಿ ಉತ್ಸವವನ್ನು ಪ್ರತಿ ವರ್ಷ ಬೇರೊಂದು ಕುಟುಂಬ ವಹಿಸಿಕೊಳ್ಳುತ್ತದೆ, ಕಪ್ಪಿಗೆ ಆ ಕುಟುಂಬದ ಹೆಸರೇ ಇರುತ್ತದೆ; 2024ರಲ್ಲಿ ನಾಪೋಕ್ಲುವಿನಲ್ಲಿ ಕುಂಡ್ಯೋಳಂಡ ಕುಟುಂಬ ನಡೆಸಿದಾಗ 360 ತಂಡಗಳಿದ್ದವು. ಒಬ್ಬರೇ ಪ್ರತಿ ವರ್ಷ ನಡೆಸಬೇಕಾಗಿದ್ದರೆ ಅದು ಇಷ್ಟು ವರ್ಷ ಬಾಳುತ್ತಿರಲಿಲ್ಲ. ಐದಾರು ಕಾಲೇಜುಗಳು ಲಿಖಿತ ಒಪ್ಪಂದ ಮಾಡಿಕೊಂಡು ಸರದಿ ಹಾಕಿಕೊಂಡರೆ ಪ್ರತಿ ಕಾಲೇಜಿಗೂ ಐದಾರು ವರ್ಷಕ್ಕೊಮ್ಮೆ ಮಾತ್ರ ಆತಿಥ್ಯದ ಭಾರ ಬೀಳುತ್ತದೆ, ಗೋಲು ಕಂಬದ ಬಲೆ, ಮೂಲೆಯ ಧ್ವಜ, ಅಂಕಫಲಕದಂಥ ಸಾಮಾನು ಒಂದೇ ಸೆಟ್ಟು ಕಾಲೇಜಿನಿಂದ ಕಾಲೇಜಿಗೆ ಹೋಗುತ್ತದೆ.

ರಸೀದಿ

ಮುಂಗಡ ಪಡೆದ ಮೇಲೆ ಅದರ ಖರ್ಚಿನ ಲೆಕ್ಕ ಒಪ್ಪಿಸುವುದು ತಡವಾದರೆ ಮುಂದಿನ ಮುಂಗಡ ಸಿಗುವುದಿಲ್ಲ. ಹಣ ತಡವಾಗುವುದರ ಮೂಲ ಹಲವು ಬಾರಿ ಇಲ್ಲೇ ಇರುತ್ತದೆ. ಪ್ರವಾಸದಲ್ಲಿ ಹಣ ಕೊಡುವ ಕೆಲಸ ಒಬ್ಬರಿಗೆ, ರಸೀದಿ ಇಟ್ಟುಕೊಳ್ಳುವ ಕೆಲಸ ಇನ್ನೊಬ್ಬರಿಗೆ ಇರಲಿ. ದಾರಿಬದಿಯ ಹೋಟೆಲಿನಲ್ಲಿ ಮುದ್ರಿತ ಬಿಲ್ಲು ಸಿಗದಿದ್ದರೆ ದಿನಾಂಕ, ಸ್ಥಳ, ಊಟದ ಸಂಖ್ಯೆ, ಮೊತ್ತ ಬರೆದ ವೋಚರಿಗೆ ಅಲ್ಲೇ ಸಹಿ ಹಾಕಿಸಿಕೊಳ್ಳಿ. ದಿನಭತ್ಯೆಯನ್ನು ಆಟಗಾರರಿಗೆ ಕೊಡುವಾಗ ಸಹಿಯ ಪಟ್ಟಿ ಮಾಡಿ. ಮರಳಿದ ವಾರದೊಳಗೆ ಲೆಕ್ಕ ಒಪ್ಪಿಸಿ, ಅದರ ಪ್ರತಿಯನ್ನು ದಾನಿಗಳಿಗೂ ಕಳುಹಿಸಿ. ಮುಂದಿನ ಫೆಬ್ರವರಿಯಲ್ಲಿ ಅವರ ಮನೆ ಬಾಗಿಲಿಗೆ ಹೋಗುವಾಗ ಕೈಯಲ್ಲಿ ಹಿಡಿಯಬೇಕಾದ ಕಾಗದ ಅದೇ.

ಒಂದು ವರ್ಷ ನಿಲ್ಲಿಸಲೇಬೇಕಾದರೆ

ಎಲ್ಲ ಮಾಡಿಯೂ ಹಣ ಸಾಲದ ವರ್ಷ ಬರಬಹುದು. ಆಗ ತಂಡ ತಾನಾಗಿ ಕರಗಿಹೋಗಲು ಬಿಡದೆ, ಈ ವರ್ಷ ಹೊರ ಪಂದ್ಯಾವಳಿಗೆ ಹೋಗುವುದಿಲ್ಲ ಎಂದು ಲಿಖಿತವಾಗಿ ತೀರ್ಮಾನಿಸಿ, ಕಾರಣವನ್ನೂ ಮತ್ತೆ ಯಾವ ತಿಂಗಳು ಪರಿಶೀಲಿಸುತ್ತೀರಿ ಎಂಬುದನ್ನೂ ಸಭೆಯ ನಡಾವಳಿಯಲ್ಲಿ ಬರೆಸಿ. ಆಟಗಾರರಿಗೆ ಜೂನ್‌ನಲ್ಲೇ, ದಾಖಲಾತಿ ಮುಗಿಯುವ ಮುನ್ನವೇ ಹೇಳಿ. ತಂಡವಿದೆ ಎಂದು ನಂಬಿ ಸೇರಿದ ಹುಡುಗನಿಗೆ ಸೆಪ್ಟೆಂಬರ್‌ನಲ್ಲಿ ಇಲ್ಲ ಎನ್ನುವುದು ಅನ್ಯಾಯ. ವಿಶ್ವವಿದ್ಯಾನಿಲಯದ ತಂಡದ ಆಯ್ಕೆಗೆ ಒಬ್ಬಿಬ್ಬರನ್ನು ಕಳುಹಿಸಲು ಅವಕಾಶವಿದೆಯೇ ಎಂದು ವಿಚಾರಿಸಿ, ಇದ್ದರೆ ಅವರ ಬಸ್ಸಿನ ಖರ್ಚನ್ನಾದರೂ ಕಾಲೇಜು ಕೊಡಲಿ. ವಾರಕ್ಕೆರಡು ದಿನದ ಅಭ್ಯಾಸವನ್ನು ನಿಲ್ಲಿಸಬೇಡಿ, ಅದಕ್ಕೆ ಬೇಕಾದದ್ದು ಎರಡು ಚೆಂಡು ಮತ್ತು ಮೈದಾನದ ಬೀಗದ ಕೈ. ಆ ಬೀಗದ ಕೈ ಯಾರ ಬಳಿ ಇರುತ್ತದೆ ಎಂಬುದನ್ನೂ ನಡಾವಳಿಯಲ್ಲೇ ಬರೆಸಿಬಿಡಿ.